ಸಮಾಯಿಪಾತಾದಲ್ಲಿ ಏದುಸಿರು ಬರುವುದಿಲ್ಲ

ಬೊಲಿವಿಯಾದಲ್ಲಿ ಉಸಿರಾಟ ಕಷ್ಟವಾಗುವುದೇ, ಸಸ್ಯಾಹಾರಿಗೆ ಹೊಟ್ಟೆ ತುಂಬುವುದೇ ಎಂದು ಕೇಳಿದ್ದೀರಿ.

ಮೊದಲನೆಯ ಚಿಂತೆ ಬಿಡಿ. ನೀವು ಚಿತ್ರಗಳಲ್ಲಿ ನೋಡಿರುವ ಲಾ ಪಾಸ್ ನಗರ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ನಾನಿರುವ ಸಮಾಯಿಪಾತಾ 1,600 ಮೀಟರಿನ ಆಸುಪಾಸಿನ ಕಣಿವೆಯ ಊರು, ಫ್ಲೋರಿಡಾ ಪ್ರಾಂತ್ಯದ ಮುಖ್ಯ ಪಟ್ಟಣ. (ಅಮೆರಿಕದ ಫ್ಲೋರಿಡಾ ಅಲ್ಲ, ಪಾರ್ಸೆಲ್ ಕಳಿಸುವವರಿಗೆ ಮೊದಲೇ ಹೇಳಿಡಿ.) ಇಲ್ಲಿ ಹೆದರಬೇಕಾದದ್ದು ಎತ್ತರಕ್ಕಲ್ಲ, ಸುರಾಸೊ ಎಂಬ ಗಾಳಿಗೆ. ಜೂನ್, ಜುಲೈನಲ್ಲಿ ಅದು ದಕ್ಷಿಣದಿಂದ ಬೀಸಿದರೆ ನಿನ್ನೆಯ ಬಿಸಿಲು ಸುಳ್ಳೆನಿಸುವಷ್ಟು ಚಳಿ. ಮನೆಯೊಳಗೂ ಸ್ವೆಟರ್ ಬೇಕು.

ಊಟದ ಕಥೆ ಸ್ವಲ್ಪ ಉದ್ದ. ಮಧ್ಯಾಹ್ನದ ಊಟವೆಂದರೆ ಮೊದಲು ಸೂಪ್, ಆಮೇಲೆ ‘ಸೆಗುಂದೊ’, ಅಂದರೆ ಎರಡನೆಯ ತಟ್ಟೆ. ‘ಸಿನ್ ಕಾರ್ನೆ’, ಮಾಂಸ ಬೇಡ ಎಂದು ನಾನು ಮೊದಲ ವಾರ ಹೇಳಿದಾಗ ಹೋಟೆಲಿನ ಅಮ್ಮ ಅಕ್ಕರೆಯಿಂದ ಕೋಳಿ ಬಡಿಸಿದರು. ಅವರ ಲೆಕ್ಕದಲ್ಲಿ ಕಾರ್ನೆ ಎಂದರೆ ದನದ ಮಾಂಸ. ಕಡಲೆಕಾಯಿ ಸೂಪ್ ನೋಡಿ ನಾಲಿಗೆ ನೀರೂರಿದರೂ ಒಳಗೆ ಮೂಳೆಯ ಸಾರು ಇದೆಯೇ ಎಂದು ಕೇಳಲೇಬೇಕು. ಇಲ್ಲಿ ನೆಲೆಸಿರುವ ವಿದೇಶಿಯರ ಹೋಟೆಲುಗಳಲ್ಲಿ ಸಸ್ಯಾಹಾರ ಸಿಗುತ್ತದೆ, ಬೆಲೆ ಮಾತ್ರ ಹೆಚ್ಚು. ನನ್ನನ್ನು ಉಳಿಸಿದ್ದು ಯಾಹ್ವಾ: ಟೊಮೆಟೊ ಮತ್ತು ಲೊಕೊತೊ ಮೆಣಸಿನಕಾಯಿಯನ್ನು ‘ಬತಾನ್’ ಎಂಬ ಚಪ್ಪಟೆ ಕಲ್ಲಿನ ಮೇಲೆ ಅರೆದ ಹಸಿ ಚಟ್ನಿ. ಆ ಕಲ್ಲನ್ನು ಕಂಡ ದಿನ ಅಜ್ಜಿಯ ಅಡುಗೆಮನೆ ನೆನಪಾಗಿ ಸುಮ್ಮನೆ ನಿಂತುಬಿಟ್ಟಿದ್ದೆ.

ಮಧ್ಯಾಹ್ನ ಅಂಗಡಿಗಳಿಗೆ ಬೀಗ. ಸಿಟ್ಟಾಗಬೇಡಿ, ನೀವೂ ಮಲಗಿ.

ಊರಿನ ಹಣೆಬರಹವೆಲ್ಲ ರಸ್ತೆಯದು. ಸಾಂತಾ ಕ್ರೂಸ್ ನಗರ 120 ಕಿಲೋಮೀಟರ್ ದೂರ, ಶೇರ್ ಟ್ಯಾಕ್ಸಿಯಲ್ಲಿ ಮೂರು ಗಂಟೆ. ಮಳೆಗಾಲದಲ್ಲಿ, ಅಂದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ, ಶಿರಾಡಿ ಘಾಟಿಯ ಹಾಗೆ ಗುಡ್ಡ ಜರಿದರೆ ಮೂರು ಗಂಟೆ ಎಷ್ಟಾದರೂ ಆಗಬಹುದು. ಮಳೆಯಿಲ್ಲದಿದ್ದರೂ ರಸ್ತೆತಡೆ ಚಳವಳಿ ಇರುತ್ತದೆ. ಮನೆಯಲ್ಲಿ ಅಕ್ಕಿ, ಗ್ಯಾಸ್, ಒಂದಿಷ್ಟು ನಗದು ಸದಾ ಇರಲಿ.

ಊರಿನ ಮೇಲಿರುವ ‘ಎಲ್ ಫುಯೆರ್ತೆ’ ಹೆಸರಿಗೆ ಕೋಟೆ, ನಿಜದಲ್ಲಿ ಇಲ್ಲಿ ಹಿಂದೆ ಸಾಮ್ರಾಜ್ಯ ಕಟ್ಟಿದ್ದ ಇಂಕಾಗಳಿಗಿಂತ ಮೊದಲಿನವರು ಕೆತ್ತಲಾರಂಭಿಸಿದ ಬೃಹತ್ ಬಂಡೆ. 1998ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಜೂನ್ 21ರ ನಸುಕಿನಲ್ಲಿ ಸೂರ್ಯೋದಯ ನೋಡಲು ಜನ ಅಲ್ಲಿ ಸೇರುತ್ತಾರೆ.

ಮೇ ತಿಂಗಳಲ್ಲಿ ಬನ್ನಿ, ದಾರಿ ಒಣಗಿರುತ್ತದೆ. ಇಂಗು ಇಲ್ಲಿ ಸಿಗುವುದಿಲ್ಲ. ತರುವುದಾದರೆ ಎರಡು ಡಬ್ಬಿ ತನ್ನಿ, ಒಂದು ನನಗೆ.