ಪ್ರಬಂಧಗಳೆಲ್ಲ ಅಂತರಜಾಲದಲ್ಲಿ ಸಿಗುವಾಗ ಲಸಿಕೆಯ ಸಮ್ಮೇಳನಕ್ಕೆ ಹೋಗುವ ಅಗತ್ಯವಿದೆಯೇ?

ನೀವು ಪಿಎಚ್‌.ಡಿ.ಯ ಎರಡನೆಯ ವರ್ಷದಲ್ಲಿದ್ದೀರಿ. ಲಸಿಕೆ ಮತ್ತು ಇಮ್ಯುನಾಲಜಿ (ದೇಹದ ರೋಗನಿರೋಧಕ ವ್ಯವಸ್ಥೆಯ ಅಧ್ಯಯನ) ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಪೋಸ್ಟರ್ ಮಂಡಿಸಲು ನಿಮಗೆ ಅವಕಾಶ ದೊರೆತಿದೆ. ಪ್ರಬಂಧಗಳೂ ಉಪನ್ಯಾಸಗಳೂ ಕುಳಿತಲ್ಲಿಯೇ ಸಿಗುವಾಗ ಐದು ದಿನ ಪ್ರಯೋಗಾಲಯ ಬಿಟ್ಟು ಹೋಗುವುದರಿಂದ ಏನು ಪ್ರಯೋಜನ, ಇಂಥ ಕೂಟಗಳಿಂದ ಯಾವುದಾದರೂ ಲಸಿಕೆಗೆ ನಿಜವಾಗಿ ಉಪಕಾರವಾಗಿದೆಯೇ ಎಂದು ಕೇಳಿದ್ದೀರಿ. ಲಸಿಕೆ ಪಡೆದವರ ರಕ್ತದಲ್ಲಿ ಪ್ರತಿಕಾಯಗಳನ್ನು, ಎಂದರೆ ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನುಗಳನ್ನು, ಅಳೆಯುವ ಕೆಲಸದಲ್ಲಿ ಬಹಳ ವರ್ಷ ಕಳೆದವಳಾಗಿ, ಹೋಗಿ ಎಂದೇ ನಾನು ಹೇಳುತ್ತೇನೆ. ಪ್ರಕಟಿತ ಪ್ರಬಂಧದಲ್ಲಿ ನಮಗೆ ಸಿಗುವುದು ಲೇಖಕರು ಒಂದು ತೀರ್ಮಾನಕ್ಕೆ ಬಂದ ಮೇಲಿನ ವಿಷಯ. ಆ ತೀರ್ಮಾನಕ್ಕೆ ಮುನ್ನ ಅವರನ್ನು ಕಾಡಿದ ಅನುಮಾನ, ಕೈಕೊಟ್ಟ ಪ್ರಯೋಗ, ಇನ್ನೂ ವಿವರಣೆ ಸಿಗದ ಅಂಕಿ ಇವೆಲ್ಲ ಜನರ ನಡುವೆ ಕುಳಿತಾಗಲೇ ಹೊರಬರುತ್ತವೆ.

ಮೊದಲು ಒಂದು ಹಳೆಯ ಉದಾಹರಣೆ ಕೊಡುತ್ತೇನೆ. 1989ರಲ್ಲಿ ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ವಾರ್ಷಿಕ ವಿಚಾರ ಸಂಕಿರಣವು ಇಮ್ಯುನಾಲಜಿಗೆ ಮೀಸಲಾಗಿತ್ತು. ಪ್ರತಿಕಾಯಗಳ ವೈವಿಧ್ಯ ಹೇಗೆ ಹುಟ್ಟುತ್ತದೆ, ರಕ್ಷಣಾ ವ್ಯವಸ್ಥೆಯ ಬಿಳಿ ರಕ್ತಕಣವಾದ ಟಿ ಕೋಶ ತನ್ನ ಗುರಿಯನ್ನು ಹೇಗೆ ಗುರುತಿಸುತ್ತದೆ ಎಂಬ ದೊಡ್ಡ ಪ್ರಶ್ನೆಗಳಿಗೆ ಆಗಷ್ಟೇ ಉತ್ತರ ಸಿಕ್ಕಿದ್ದರಿಂದ, ಈ ಶಾಸ್ತ್ರದಲ್ಲಿ ಇನ್ನು ಉಳಿದಿರುವುದು ಸಣ್ಣಪುಟ್ಟ ವಿವರಗಳು ಮಾತ್ರ ಎಂಬ ಭಾವನೆ ಮೂಡಲು ಅವಕಾಶವಿದ್ದ ಕಾಲವದು. ಅಮೆರಿಕದ ಇಮ್ಯುನಾಲಜಿ ತಜ್ಞ ಚಾರ್ಲ್ಸ್ ಜೇನ್‌ವೇ ಅಲ್ಲಿ ಎತ್ತಿದ ಪ್ರಶ್ನೆ ಈ ಭಾವನೆಯನ್ನೇ ಅಲುಗಿಸುವಂಥದ್ದು. ಶುದ್ಧವಾದ ಪ್ರೋಟೀನನ್ನು ಮಾತ್ರ ಚುಚ್ಚಿದರೆ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದರೊಂದಿಗೆ ಸತ್ತ ಬ್ಯಾಕ್ಟೀರಿಯಾ ಬೆರೆಸಿದ ಎಣ್ಣೆಯನ್ನೋ ಅಲ್ಯೂಮಿನಿಯಂ ಲವಣವನ್ನೋ ಸೇರಿಸಬೇಕಾಗುತ್ತದೆ. ಅಡ್ಜುವೆಂಟ್ ಎಂದು ಕರೆಯುವ ಈ ಸಹಾಯಕ ವಸ್ತುವಿಲ್ಲದೆ ಪ್ರಯೋಗ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಅದು ಏಕೆ ಬೇಕು ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಇದನ್ನು ಇಮ್ಯುನಾಲಜಿಯವರು ಮುಚ್ಚಿಟ್ಟುಕೊಂಡ ಗುಟ್ಟು ಎಂದೇ ಕರೆದ ಅವರು, ದೇಹದ ಜನ್ಮಜಾತ ರಕ್ಷಣಾ ಕೋಶಗಳಲ್ಲಿ ಸೂಕ್ಷ್ಮಜೀವಿಗಳ ಸಾಮಾನ್ಯ ಲಕ್ಷಣಗಳನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳು ಇರಲೇಬೇಕು, ಅವು ಎಚ್ಚರಗೊಂಡ ಮೇಲೆಯೇ ಟಿ ಕೋಶಗಳಿಗೆ ಕೆಲಸ ಆರಂಭಿಸುವ ಸೂಚನೆ ಹೋಗುತ್ತಿರಬೇಕು ಎಂದು ತರ್ಕಿಸಿದರು.

ಆ ದಿನ ಅವರ ಕೈಯಲ್ಲಿ ಇದಕ್ಕೆ ಪುರಾವೆ ಇರಲಿಲ್ಲ. 1996ರಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ, ಶಿಲೀಂಧ್ರದ ಸೋಂಕನ್ನು ಎದುರಿಸಲು ಹಣ್ಣಿನ ನೊಣಕ್ಕೆ ಟೋಲ್ ಎಂಬ ಗ್ರಾಹಕ ಅಗತ್ಯವೆಂದು ತೋರಿಸಿತು. ಮರುವರ್ಷ ಜೇನ್‌ವೇ ಮತ್ತು ರುಸ್ಲಾನ್ ಮೆಜಿಟೋವ್ ಅದರ ಮಾನವ ರೂಪವನ್ನು ವರದಿ ಮಾಡಿದರು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ, ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಸ್ತುವನ್ನು ಇಲಿಯ ದೇಹ ಗುರುತಿಸುವುದು ಇದೇ ಕುಟುಂಬದ ಟಿಎಲ್‌ಆರ್-4 ಎಂಬ ಗ್ರಾಹಕದ ಮೂಲಕ ಎಂದು ಕಂಡುಹಿಡಿಯಿತು. ಆ ವಿಷವಸ್ತುವಿನ ತೀಕ್ಷ್ಣತೆಯನ್ನು ತಗ್ಗಿಸಿ ತಯಾರಿಸಿದ ಎಂಪಿಎಲ್ ಎಂಬ ಅಣು ಇಂದು ಸರ್ಪಸುತ್ತಿನ ಲಸಿಕೆಯಾದ ಶಿಂಗ್ರಿಕ್ಸ್‌ನಲ್ಲಿಯೂ ಆರ್‌ಟಿಎಸ್,ಎಸ್ ಎಂಬ ಮಲೇರಿಯಾ ಲಸಿಕೆಯಲ್ಲಿಯೂ ಅಡ್ಜುವೆಂಟಿನ ಭಾಗವಾಗಿದೆ. ಹಾಫ್‌ಮನ್ ಮತ್ತು ಬಾಯ್ಟ್ಲರ್ ಅವರಿಗೆ 2011ರಲ್ಲಿ ನೊಬೆಲ್ ಬಂದಾಗ ಜೇನ್‌ವೇ ಬದುಕಿರಲಿಲ್ಲ. ಅವರು 2003ರಲ್ಲೇ ತೀರಿಕೊಂಡಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಎರಡನೆಯ ಉದಾಹರಣೆ ಇನ್ನೊಂದು ಬಗೆಯದು. ಥಾಯ್ಲೆಂಡ್‌ನಲ್ಲಿ 16,000ಕ್ಕೂ ಹೆಚ್ಚು ಸ್ವಯಂಸೇವಕರೊಂದಿಗೆ ನಡೆದ ಆರ್‌ವಿ144 ಎಂಬ ಎಚ್‌ಐವಿ ಲಸಿಕೆಯ ಪ್ರಯೋಗವು ಸುಮಾರು ಶೇ. 31ರಷ್ಟು ರಕ್ಷಣೆ ನೀಡಿದೆ ಎಂಬ ಸುದ್ದಿ 2009ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಲಸಿಕೆ ಪಡೆದವರಲ್ಲಿ 51 ಮಂದಿಗೆ, ಪ್ಲಸೀಬೊ (ಲಸಿಕೆಯಿಲ್ಲದ ಹುಸಿ ಚುಚ್ಚುಮದ್ದು) ಪಡೆದವರಲ್ಲಿ 74 ಮಂದಿಗೆ ಸೋಂಕು ತಗುಲಿತ್ತು. ಎಚ್‌ಐವಿ ಲಸಿಕೆಯೊಂದು ಅಷ್ಟಾದರೂ ಫಲ ಕೊಟ್ಟದ್ದು ಅದೇ ಮೊದಲು. ಮರುತಿಂಗಳು ಪ್ಯಾರಿಸ್‌ನಲ್ಲಿ ನಡೆದ ಏಡ್ಸ್ ಲಸಿಕಾ ಸಮ್ಮೇಳನದಲ್ಲಿ ಪೂರ್ಣ ವಿವರಗಳು ಮಂಡನೆಯಾದಾಗ, ಅದೇ ಅಂಕಿಗಳನ್ನು ಮೂರು ಬಗೆಯಲ್ಲಿ ವಿಶ್ಲೇಷಿಸಲಾಗಿದೆ, ಅವುಗಳಲ್ಲಿ ಒಂದು ಮಾತ್ರ ಸಂಖ್ಯಾಶಾಸ್ತ್ರದ ಅಳತೆಗೋಲನ್ನು ದಾಟಿದೆ ಎಂಬುದು ಸಭೆಯ ಮುಂದೆ ಬಂತು. ನಿಗದಿತ ಡೋಸುಗಳನ್ನೆಲ್ಲ ಕ್ರಮವಾಗಿ ಪಡೆದವರನ್ನಷ್ಟೇ ಎಣಿಸಿದರೆ ರಕ್ಷಣೆ ಶೇ. 26ರ ಆಸುಪಾಸಿಗೆ ಇಳಿಯುತ್ತಿತ್ತು, ಅದು ಆಕಸ್ಮಿಕವಾಗಿಯೂ ಬಂದಿರಬಹುದಾದ ವ್ಯತ್ಯಾಸವಾಗಿತ್ತು. ಒಂದೇ ಸಂಖ್ಯೆಯಿಂದ ಜಗತ್ತಿಗೆ ತಲುಪಿದ್ದ ಭರವಸೆ ಎಷ್ಟು ಗಟ್ಟಿ ಎಂಬುದನ್ನು ತೂಗಬಲ್ಲ ಜನರೇ ಅದನ್ನು ತೂಗುವಂತಾಯಿತು.

ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಹಲವು ಪ್ರಯೋಗಾಲಯಗಳು ಆ ಸ್ವಯಂಸೇವಕರ ರಕ್ತದ ಮಾದರಿಗಳನ್ನು ಹಂಚಿಕೊಂಡು ಪರೀಕ್ಷಿಸಿ, ವೈರಸ್ಸಿನ ಹೊರಕವಚದ ವಿ1ವಿ2 ಭಾಗಕ್ಕೆ ಅಂಟುವ ಪ್ರತಿಕಾಯಗಳು ಹೆಚ್ಚಿದ್ದವರಲ್ಲಿ ಸೋಂಕು ಕಡಿಮೆಯಿತ್ತು ಎಂದು 2012ರಲ್ಲಿ ವರದಿ ಮಾಡಿದವು. ಆದರೆ ಥಾಯ್ಲೆಂಡಿನ ಆ ಲಸಿಕೆಯ ತಂತ್ರವನ್ನೇ ತುಸು ಬದಲಿಸಿ ದಕ್ಷಿಣ ಆಫ್ರಿಕಾದಲ್ಲಿ ನಡೆಸಿದ ಎಚ್‌ವಿಟಿಎನ್ 702 ಪ್ರಯೋಗವನ್ನು ಫಲ ಕಾಣದೆ 2020ರಲ್ಲಿ ನಿಲ್ಲಿಸಬೇಕಾಯಿತು. ಎರಡೂ ಗುಂಪುಗಳಲ್ಲಿ ಸೋಂಕಿತರ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಂಥ ಸೋಲನ್ನು ಅದರ ಹೊಣೆ ಹೊತ್ತವರೇ ವೇದಿಕೆಯಲ್ಲಿ ನಿಂತು ವಿವರಿಸುವುದನ್ನು ಕೇಳುವುದು, ಗೆಲುವಿನ ಹತ್ತು ಉಪನ್ಯಾಸಗಳನ್ನು ಕೇಳುವುದಕ್ಕಿಂತ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ನನ್ನ ಅನುಭವ ಇಷ್ಟು ದೊಡ್ಡದಲ್ಲ, ಆದರೆ ನಿಮ್ಮ ಸ್ಥಿತಿಗೆ ಹತ್ತಿರವಾದದ್ದು. ನಾನು ಮೊದಲ ಬಾರಿಗೆ ಪೋಸ್ಟರಿನ ಮುಂದೆ ನಿಂತಾಗ, ಲಸಿಕೆಗೂ ಮುನ್ನ ತೆಗೆದ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ) ಕೂಡ ವೈರಸ್ಸನ್ನು ಸ್ವಲ್ಪಮಟ್ಟಿಗೆ ತಡೆಯುತ್ತಿರುವುದು ನನ್ನ ನಕ್ಷೆಯಲ್ಲಿ ಕಾಣುತ್ತಿತ್ತು. ಹಳೆಯ ಸೋಂಕಿನಿಂದ ಬಂದ ಪ್ರತಿಕಾಯವಿರಬಹುದೆಂದು ನಾನು ವಿವರಿಸುತ್ತಿದ್ದೆ. ಹಿರಿಯ ವಿಜ್ಞಾನಿಯೊಬ್ಬರು ಸಮಾಧಾನದಿಂದ ಕೇಳಿಸಿಕೊಂಡು, ಸೀರಮ್ಮನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಬಿಸಿ ಮಾಡಿದ್ದೀರಾ ಎಂದು ಮಾತ್ರ ಕೇಳಿದರು. ಹಾಗೆ ಬಿಸಿ ಮಾಡದಿದ್ದರೆ ರಕ್ತದಲ್ಲಿ ಸಹಜವಾಗಿರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಚಟುವಟಿಕೆಯಿಂದಿದ್ದು, ಅವೇ ವೈರಸ್ಸಿಗೆ ಅಡ್ಡಿಯಾಗಬಹುದು. ನಾನು ಒಂದು ಕಂತಿನ ಮಾದರಿಗಳಿಗೆ ಆ ಹಂತವನ್ನು ಬಿಟ್ಟಿದ್ದೆ. ಮರಳಿ ಬಂದು ಪ್ರಯೋಗವನ್ನು ಪುನಃ ಮಾಡಿದಾಗ ಆ ತಡೆ ಮಾಯವಾಯಿತು. ಅವರು ಆ ಪ್ರಶ್ನೆಯನ್ನು ಕೇಳದೇ ಇದ್ದಿದ್ದರೆ ಒಂದು ತಪ್ಪು ತೀರ್ಮಾನ ನನ್ನ ಹೆಸರಿನಲ್ಲಿ ಅಚ್ಚಾಗುತ್ತಿತ್ತು.

ಲಸಿಕೆಯ ಸಂಶೋಧನೆಗೆ ಈ ಬಗೆಯ ಭೇಟಿ ಇನ್ನಷ್ಟು ಅಗತ್ಯ, ಏಕೆಂದರೆ ಇಲ್ಲಿ ಒಬ್ಬರ ಜ್ಞಾನ ಇನ್ನೊಬ್ಬರ ಅಂಗಳದಲ್ಲಿ ಸುಲಭವಾಗಿ ಎಡವುತ್ತದೆ. ಉದಾಹರಣೆಗೆ, ಬ್ಯಾಕ್ಟೀರಿಯಾದ ಡಿಎನ್ಎಯನ್ನು ಗುರುತಿಸುವ ಟಿಎಲ್‌ಆರ್-9 ಗ್ರಾಹಕವು ಇಲಿಗಳಲ್ಲಿ ಮನುಷ್ಯರಿಗಿಂತ ಹೆಚ್ಚು ಬಗೆಯ ಕೋಶಗಳಲ್ಲಿ ಇರುವುದರಿಂದ, ಅದನ್ನು ಉದ್ದೀಪಿಸುವ ಅಡ್ಜುವೆಂಟು ಇಲಿಯಲ್ಲಿ ತೋರುವ ಉತ್ಸಾಹವನ್ನು ಮನುಷ್ಯನಲ್ಲಿಯೂ ನಿರೀಕ್ಷಿಸುವಂತಿಲ್ಲ. ಇಲಿಗಳ ಮೇಲೆ ಕೆಲಸ ಮಾಡುವವರು, ಮಾನವ ಪ್ರಯೋಗ ನಡೆಸುವವರು ಮತ್ತು ಲಸಿಕೆಯನ್ನು ಕಾರ್ಖಾನೆಯಲ್ಲಿ ತಯಾರಿಸುವವರು ಒಂದೇ ಊಟದ ಮೇಜಿಗೆ ಬರುವುದು ಇಂಥ ಸಮ್ಮೇಳನಗಳಲ್ಲಿ ಮಾತ್ರ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಯಾರೆಂದು ತಿಳಿಯದ ಸಂಘಟಕರು ಹೊಗಳಿಕೆಯ ಮಿಂಚಂಚೆ ಕಳುಹಿಸಿ, ಶುಲ್ಕ ಪಡೆದು, ವಿಷಯಕ್ಕೆ ಸಂಬಂಧವೇ ಇಲ್ಲದ ಹತ್ತಾರು ಜನರನ್ನು ಒಂದು ಹೋಟೆಲಿನಲ್ಲಿ ಕೂರಿಸುವ ಸಮ್ಮೇಳನಗಳೂ ಇವೆ. ಸಂಘಟನಾ ಸಮಿತಿಯಲ್ಲಿರುವವರ ಪ್ರಬಂಧಗಳನ್ನು ನೀವು ಈಗಾಗಲೇ ಓದಿದ್ದೀರಾ ಎಂದು ನೋಡಿಕೊಳ್ಳಿ. ಒಂದು ಹೆಸರೂ ಪರಿಚಿತವಲ್ಲದಿದ್ದರೆ ನಿಮ್ಮ ಮಾರ್ಗದರ್ಶಕರನ್ನು ಕೇಳದೆ ಹಣ ಕಟ್ಟಬೇಡಿ. ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್‌ನಂತಹ ಕೆಲವು ಸಭೆಗಳಲ್ಲಿ ಅಪ್ರಕಟಿತ ಫಲಿತಾಂಶಗಳನ್ನು ನಿಸ್ಸಂಕೋಚವಾಗಿ ಚರ್ಚಿಸಲೆಂದು ಛಾಯಾಚಿತ್ರ ಮತ್ತು ಧ್ವನಿಮುದ್ರಣಗಳನ್ನು ನಿಷೇಧಿಸಲಾಗಿದೆ. ಅಲ್ಲಿ ನಡೆದದ್ದು ನಿಮಗೆ ಅಂತರಜಾಲದಲ್ಲಿ ಎಂದೂ ಸಿಗುವುದಿಲ್ಲ. ಇನ್ನು, ಮಲೇರಿಯಾ ಮತ್ತು ಕ್ಷಯದ ಭಾರವನ್ನು ಹೆಚ್ಚು ಹೊತ್ತ ದೇಶಗಳ ಸಂಶೋಧಕರಿಗೆ ವೀಸಾ ಮತ್ತು ವೆಚ್ಚದ ಕಾರಣದಿಂದ ಈ ಬಾಗಿಲುಗಳು ಮುಚ್ಚಿರುವುದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ. ಪ್ರಯಾಣ ಅನುದಾನಕ್ಕೆ ಅವಕಾಶವಿದ್ದರೆ ಸಂಕೋಚಪಡದೆ ಅರ್ಜಿ ಹಾಕಿ. ಅದು ಇರುವುದೇ ನಿಮ್ಮಂಥ ವಿದ್ಯಾರ್ಥಿಗಳಿಗಾಗಿ.

ಪೋಸ್ಟರಿನಲ್ಲಿ ಅಚ್ಚುಕಟ್ಟಾದ ಫಲಿತಾಂಶಗಳನ್ನು ಮಾತ್ರ ಹಾಕಬೇಡಿ. ನಿಮಗೆ ಅರ್ಥವಾಗದೆ ಉಳಿದ ಒಂದು ನಕ್ಷೆಯನ್ನೂ, ಮಾದರಿಗಳನ್ನು ಸಂಸ್ಕರಿಸಿದ ವಿಧಾನವನ್ನೂ ಕಣ್ಣಿಗೆ ಬೀಳುವಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಿರಿ.