ಹಳೆ ಟಿವಿಯ ಬಾಡಿ ಬಿಚ್ಚಿ ವಿಡಿಯೋ ಗೇಮ್ ಪೆಟ್ಟಿಗೆಗೆ ಕೂರಿಸೋದು ಹೇಗೆ?

ಬಿಚ್ಚಬೇಡಿ. ಟಿವಿ ಹೇಗಿದೆಯೋ ಹಾಗೇ, ಪ್ಲಾಸ್ಟಿಕ್ ಬಾಡಿ ಸಮೇತ ಪೆಟ್ಟಿಗೆಯೊಳಗೆ ಇಟ್ಟುಬಿಡಿ.

ಪುಣೆಯ ನಿಮ್ಮ ಮನೆಯಲ್ಲಿ 21 ಇಂಚಿನ ಹಳೆ ಟಿವಿ ಇದೆ. ಬಾಡಿ ಸಮೇತ ಇಟ್ಟರೆ ಪೆಟ್ಟಿಗೆ ಅಗಲವಾಗುತ್ತದೆ, ಅದಕ್ಕೆ ಪಿಕ್ಚರ್ ಟ್ಯೂಬ್ ಮಾತ್ರ ತೆಗೆದು ಕೂರಿಸಬೇಕು, ಇಲ್ಲಾಂದ್ರೆ ಎಲ್‌ಸಿಡಿ ಹಾಕಲಾ ಅಂತ ಕೇಳಿದ್ದೀರಿ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ.

ಚಿಕ್ಕಂದಿನಲ್ಲಿ ಸ್ಟೇಷನ್ ಹತ್ತಿರ ಒಂದು ಗೇಮ್ ಪಾರ್ಲರ್ ಇತ್ತು. ಅಪ್ಪ ಹೋಟೆಲಿನಿಂದ ತರುತ್ತಿದ್ದ ಚಿಲ್ಲರೆಯಲ್ಲಿ ಒಂದು ರೂಪಾಯಿ ಎಗರಿಸಿ 'ಮುಸ್ತಫಾ' ಆಡೋದೇ ನಮ್ಮ ಸಂಜೆ. 1993ರಲ್ಲಿ ಕ್ಯಾಪ್ಕಾಮ್ ಬಿಟ್ಟ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಅಂದರೆ ನಿಮಗೂ ಗೊತ್ತಾಗದೇ ಇರಬಹುದು, ಅದರ ಒಬ್ಬ ಹೀರೋ ಮುಸ್ತಫಾನ ಹೆಸರು ಹೇಳಿದರೆ ಗೊತ್ತಾಗುತ್ತದೆ. ಅದನ್ನು ಮನೆಯಲ್ಲೇ, ನಿಂತುಕೊಂಡು, ಅದೇ ಉಬ್ಬು ಗಾಜಿನ ಮೇಲೆ ಆಡಬೇಕು ಅನ್ನೋದು ನನ್ನ ಹುಚ್ಚು.

ಜಾಯ್‌ಸ್ಟಿಕ್, ಬಟನ್ನು, ಅವನ್ನು ಯುಎಸ್‌ಬಿಗೆ ಜೋಡಿಸುವ ಚಿಕ್ಕ ಬೋರ್ಡು ಎಲ್ಲ ಮುಂಬೈಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಕ್ಕವು. ಆಟ ಓಡಿಸೋಕೆ ರಾಸ್ಪ್‌ಬೆರಿ ಪೈ 3 ಅನ್ನುವ ಅಂಗೈಯಷ್ಟು ಚಿಕ್ಕ ಕಂಪ್ಯೂಟರ್. ಪೆಟ್ಟಿಗೆ ಮಾಡಿಕೊಟ್ಟವರು ಕಾರ್ಕಳ ಕಡೆಯ ಒಬ್ಬ ಆಚಾರಿ, 18 ಎಂಎಂ ಪ್ಲೈವುಡ್ಡಿನಲ್ಲಿ. ಟಿವಿ ಅಪ್ಪ ಕಂತಿನಲ್ಲಿ ತಂದದ್ದು. ಮನೆಗೆ ಹೊಸದು ಬಂದಮೇಲೆ ಮಂಚದ ಪಕ್ಕ ಹಳೆ ಸೀರೆ ಹೊದ್ದುಕೊಂಡು ಕೂತಿತ್ತು.

ಬಿಚ್ಚೋಕೆ ನಮ್ಮ ಗಲ್ಲಿಯ ಟಿವಿ ರಿಪೇರಿ ಕಾಕಾನನ್ನು ಕರೆದಿದ್ದೆ. ಅಷ್ಟು ಬುದ್ಧಿ ಇತ್ತು. ಟ್ಯೂಬಿನ ಮೇಲ್ಭಾಗದಲ್ಲಿ ರಬ್ಬರ್ ಟೋಪಿಯೊಳಗೆ ಹೋಗುವ ದಪ್ಪ ವೈರಿನಲ್ಲಿ 20ರಿಂದ 25 ಸಾವಿರ ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಕೂಡಲೇ ಅದು ಹೋಗಿಬಿಡುತ್ತದೆ ಅನ್ನುವಂತಿಲ್ಲ. ಗಾಜಿನ ಒಳಗೂ ಹೊರಗೂ ಕಪ್ಪು ಲೇಪ ಇರುವುದರಿಂದ ಟ್ಯೂಬೇ ಒಂದು ಕೆಪಾಸಿಟರ್, ಅಂದರೆ ಕರೆಂಟನ್ನು ಹಿಡಿದಿಟ್ಟುಕೊಳ್ಳುವ ಡಬ್ಬಿ. ಕಾಕಾ ಮೊದಲು ಒಂದು ವೈರನ್ನು ಟ್ಯೂಬಿನ ಬೆನ್ನ ಮೇಲಿನ ಹೆಣೆದ ತಂತಿಗೆ ಕಚ್ಚಿಸಿದರು, ಇನ್ನೊಂದು ತುದಿಯನ್ನು ಸ್ಕ್ರೂಡ್ರೈವರಿಗೆ ಸುತ್ತಿದರು. ಎಡಗೈ ಬೆನ್ನ ಹಿಂದೆ. ಬಲಗೈಯಿಂದ ಸ್ಕ್ರೂಡ್ರೈವರನ್ನು ರಬ್ಬರಿನ ಅಡಿಗೆ ತೂರಿಸಿದರು. 'ಚಟ್' ಅಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೂರಿಸಿದರು. ಆಗಲೂ ಒಂದು ಸಣ್ಣ 'ಚಟ್'. ಉಳಿದಿರುತ್ತೆ, ನಂಬಬಾರದು ಅಂದರು.

ಅಪಾಯ ಅಲ್ಲಿಗೆ ಮುಗಿಯಿತು ಅಂತ ನಾನು ಅಂದುಕೊಂಡೆ. ಆದರೆ ನನ್ನನ್ನು ಮುಳುಗಿಸಿದ್ದು ಕರೆಂಟ್ ಅಲ್ಲ, ಯಾವುದು ಮೊದಲು ಯಾವುದು ಆಮೇಲೆ ಅನ್ನೋದು. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಆಚಾರಿ ಮೊದಲೇ ಹೇಳಿದ್ದರು, "ಹಿಂದಿನ ಅಡ್ಡಪಟ್ಟಿ ಈಗ ಬೇಡ ಮಾರಾಯ್ರೆ, ಟಿವಿ ಕೂತ ಮೇಲೆ ಹೊಡೆಯುವ." ನಾನು ಕೇಳಲಿಲ್ಲ. ಪೆಟ್ಟಿಗೆ ಅಲುಗಾಡುತ್ತೆ ಅಂತ ಪಟ್ಟಿಗೆ ಫೆವಿಕಾಲ್ ಹಾಕಿ, ಸ್ಕ್ರೂ ಹೊಡೆಸಿ, ಮೇಲೆ ಮೈಕಾನೂ ಅಂಟಿಸಿಕೊಂಡೆ. ಟ್ಯೂಬನ್ನು ಮುಂದಿನಿಂದ ತೂರಿಸೋಣ ಅಂತ. ಆಳ ಅಳೆದದ್ದು ಹೇಗೆ? ಟೇಪ್ ಹಿಡಿದು, ಮುಂದಿನ ಗಾಜಿನಿಂದ ಕುತ್ತಿಗೆಯ ತುದಿಯವರೆಗೆ. ಆ ತುದಿಗೆ ಒಂದು ಚಿಕ್ಕ ಬೋರ್ಡು ಸಿಕ್ಕಿಸಿರುತ್ತದೆ, ಅದರ ಹಿಂದೆ ವೈರುಗಳು ಬಾಗಿರುತ್ತವೆ. ಅದು ಲೆಕ್ಕಕ್ಕೇ ಬರಲಿಲ್ಲ. ಅದಕ್ಕಿಂತ ಮುಖ್ಯ, ಪಾರ್ಲರ್ ಪೆಟ್ಟಿಗೆಯಲ್ಲಿ ಪರದೆ ನೇರ ನಿಂತಿರುವುದಿಲ್ಲ, ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಪರದೆ ವಾಲಿದಷ್ಟೂ ಕುತ್ತಿಗೆ ಕೆಳಗಿಳಿಯುತ್ತದೆ. ಅಂದರೆ ಕೂತ ಮೇಲೆ ಎಷ್ಟು ಜಾಗ ಬೇಕು ಅನ್ನೋದು ಒಂದು ಅಳತೆ, ಕೂರಿಸುವಾಗ ವಾಲಿಸೋಕೆ ಎಷ್ಟು ಜಾಗ ಬೇಕು ಅನ್ನೋದು ಇನ್ನೊಂದು. ನನ್ನ ಹತ್ತಿರ ಮೊದಲನೆಯದು ಮಾತ್ರ ಇತ್ತು, ಅದೂ ತಪ್ಪು.

ಬಾವ ಒಂದು ಕಡೆ, ನಾನು ಒಂದು ಕಡೆ. ಟ್ಯೂಬಿನ ಭಾರವೆಲ್ಲ ಮುಂದಿನ ದಪ್ಪ ಗಾಜಿನಲ್ಲಿದೆ. ಕೈಗೆ ಸಿಗುವುದೂ ಅದೇ, ಕಣ್ಣಿಗೆ ಕಾಣುವುದೂ ಅದೇ. ಹಿಂದೆ 29 ಎಂಎಂ ದಪ್ಪದ ಕುತ್ತಿಗೆ ಎಲ್ಲಿ ಹೋಗುತ್ತಿದೆ ಅಂತ ಹಿಡಿದವರಿಬ್ಬರಿಗೂ ಕಾಣುವುದಿಲ್ಲ. ವಾಲಿಸಿದೆವು. ಆ ಚಿಕ್ಕ ಬೋರ್ಡು ಅಡ್ಡಪಟ್ಟಿಗೆ ತಾಗಿತು. ಜೋರಾಗೇನೂ ಅಲ್ಲ. ಆಮೇಲೆ 'ಸ್ಸ್ಸ್' ಅಂತ ಒಂದು ಸದ್ದು, ಕುಕ್ಕರ್ ವಿಷಲ್ ಬಿಡುವ ಮೊದಲು ಬರುತ್ತದಲ್ಲ, ಹಾಗೆ. ಬಾವ, "ಏನದು ಗ್ಯಾಸಾ?" ಅಂದ.

ಗಾಳಿ ಒಳಗೆ ಹೋಗುತ್ತಿತ್ತು. ಕುತ್ತಿಗೆಯ ತುದಿಯಲ್ಲಿ, ಪಿನ್ನುಗಳ ನಡುವೆ, ಗಾಜಿನದೇ ಒಂದು ಮೊಳಕೆ ಇರುತ್ತದೆ. ಫ್ಯಾಕ್ಟರಿಯಲ್ಲಿ ಒಳಗಿನ ಗಾಳಿ ಎಳೆದು ಮುಚ್ಚಿದ ಜಾಗ ಅದು. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಟ್ಯೂಬ್ ಸತ್ತಂತೆ. ರಿಪೇರಿ ಇಲ್ಲ. ಮೆಲ್ಲಗೆ ಗಾಳಿ ಎಳೆದುಕೊಂಡದ್ದು ನಮ್ಮ ಪುಣ್ಯ, ಸಿಡಿದಿದ್ದರೆ ಗಾಜು ಮುಖಕ್ಕೇ ಬರುತ್ತಿತ್ತು. ಗುಜರಿ ಕೊಳ್ಳುವ ಭಂಗಾರ್‌ವಾಲಾ ಬಂದು ತಾಮ್ರದ ಸುರುಳಿ ಮಾತ್ರ ಬಿಚ್ಚಿಕೊಂಡು ಹೋದ. ಸೀಸ ಬೆರೆತ ಗಾಜು ಅವನಿಗೂ ಬೇಡ. ಅಮ್ಮ ಪೆಟ್ಟಿಗೆಯೊಳಗೆ ಇಣುಕಿ, "ಅಕ್ಕಿ ಹಾಕಿಡೋಕಾದ್ರೂ ಆದೀತು" ಅಂದರು. ಅಪ್ಪ ಏನೂ ಅನ್ನಲಿಲ್ಲ. ಆ ಕಂತು ಕಟ್ಟಿದವರು ಅವರು.

ಈಗ ಓಡುತ್ತಿರುವುದು ಬೇರೆ ಟಿವಿ. ಮುಲುಂದಿನ ಪರಿಚಯದವರೊಬ್ಬರು ಸುಮ್ನೆ ಕೊಟ್ಟರು. ಲೋಕಲ್ ರೈಲಿನ ಲಗೇಜ್ ಡಬ್ಬದಲ್ಲಿ ತಂದೆ. ಮೀನಿನ ಬುಟ್ಟಿಯವರು ಜಾಗ ಬಿಟ್ಟುಕೊಟ್ಟರು, ಅದು ಬೇರೆ ಕಥೆ. ಇದನ್ನು ಬಿಚ್ಚಲೇ ಇಲ್ಲ.

ಬಾಡಿಯಿಂದ ಪೆಟ್ಟಿಗೆ ಅಗಲವಾಗುತ್ತೆ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅಗಲ ಮಾಡುವುದು ಪರದೆಯ ಎರಡೂ ಪಕ್ಕ ಸ್ಪೀಕರ್ ಇರುವ ಟಿವಿಗಳು ಮಾತ್ರ. ಸ್ಪೀಕರ್ ಪರದೆಯ ಕೆಳಗಿದ್ದರೆ ಪ್ಲಾಸ್ಟಿಕ್ಕಿನಿಂದ ಜಾಸ್ತಿಯಾಗುವುದು ಬರೀ ಕೆಲವು ಬೆರಳಿನಷ್ಟು. ನಿಮ್ಮದು ಪಕ್ಕದ ಸ್ಪೀಕರಿನದಾದರೆ ಅದನ್ನು ಕೊಟ್ಟು ಬೇರೆ ಟಿವಿ ಹುಡುಕಿ. ಸೊಸೈಟಿಯ ವಾಚ್‌ಮನ್‌ಗೆ ಹೇಳಿಟ್ಟರೆ ಸಾಕು, ಜನ ಹೇಗೆ ಸಾಗಹಾಕೋಣ ಅಂತಲೇ ಕಾಯುತ್ತಿರುತ್ತಾರೆ. ಪ್ಲಾಸ್ಟಿಕ್ ಕಾಣುತ್ತೆ ಅಂತ ಚಿಂತೆ ಬೇಡ. ಪರದೆಯಷ್ಟೇ ಕಿಂಡಿ ಕೊರೆದ ಕಪ್ಪು ಹಾಳೆಯೊಂದನ್ನು ಮುಂದೆ ಕೂರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ರಿಮೋಟಿನ ಕಣ್ಣಿನ ಜಾಗದಲ್ಲಿ ಒಂದು ತೂತು ಬಿಡಿ. ಇನ್ನೊಂದು ವಿಷಯ: ಒಳಗಿನ ಬೋರ್ಡಿನ ಒಂದು ಭಾಗ ನೇರ ಮೇನ್ಸ್ ಕರೆಂಟಿನಲ್ಲೇ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ, ಕಾಯಿನ್ ಹಾಕುವ ಕಿಂಡಿಗೆ ಏನೇನು ತೂರಿಸುತ್ತಾರೋ ಹೇಳೋಕಾಗಲ್ಲ. ಬಾಡಿ ಇರುವುದೇ ಅದಕ್ಕೆ ಅಲ್ವಾ?

ಹಲಗೆಯ ಮೇಲೆ ಇಡಿ, ಮುಂದಕ್ಕೆ ಜಾರದ ಹಾಗೆ ಪಟ್ಟಿ ಹೊಡೆಯಿರಿ. ಟಿವಿಯನ್ನು ಹಿಂದಿನಿಂದ ಒಳಗೆ ತಳ್ಳಿ, ಹಿಂಬದಿಯ ಬಾಗಿಲು ಕಟ್ಟಕಡೆಗೆ. ಅದರ ಮೇಲ್ಭಾಗದಲ್ಲೂ ತಳದಲ್ಲೂ ಗಾಳಿಗೆ ಕಿಂಡಿ ಬೇಕು.

ಪೆಟ್ಟಿಗೆಗೆ ಇಡುವ ಮೊದಲು ಒಂದು ಪರೀಕ್ಷೆ ಮಾಡಿ. ಟಿವಿ ಆನ್ ಇರುವಾಗಲೇ ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ. ನೇರ ಎವಿಗೆ, ಅಂದರೆ ಕೇಬಲ್ಲಿನಲ್ಲಿ ಜೋಡಿಸಿದ್ದರ ಚಿತ್ರ ತೋರಿಸುವ ಚಾನೆಲ್ಲಿಗೆ, ಬಂದು ನಿಂತರೆ ನೀವು ಅದೃಷ್ಟವಂತರು. ಸ್ಟ್ಯಾಂಡ್‌ಬೈಗೆ ಹೋದರೆ ದಿನಾ ರಿಮೋಟ್ ಹುಡುಕಬೇಕು.

ಪೈ 3ರ ಹೆಡ್‌ಫೋನ್ ತೂತಿನಿಂದಲೇ ಚಿತ್ರವೂ ಬರುತ್ತದೆ. ಆದರೆ ಹಳೆ ಕ್ಯಾಮ್‌ಕಾರ್ಡರಿನ ಕೇಬಲ್ ಹಾಕಿದರೆ ಚಿತ್ರ ಸರಿಯಾಗಿ ಬರದೇ ಇರಬಹುದು. ಪೈಗೆ ಸಿಕ್ಕಿಸುವ ಪಿನ್ನಿನ ಬುಡದ ಭಾಗ ವಿಡಿಯೋ, ಅದರ ಮುಂದಿನ ಉಂಗುರ ಗ್ರೌಂಡ್. ಬಹಳಷ್ಟು ಕೇಬಲ್‌ಗಳಲ್ಲಿ ಇವು ಅದಲುಬದಲು. ಪೈ 4 ಆದರೆ ಸೆಟ್ಟಿಂಗ್ ಫೈಲಿನಲ್ಲಿ ಟಿವಿ ಔಟ್ ಆನ್ ಮಾಡಬೇಕು. ನಮ್ಮ ದೇಶದ ಟಿವಿ ಚಿತ್ರದ ಪದ್ಧತಿ ಪಾಲ್ ಅಂತ ಪೈಯನ್ನು ಪಾಲ್‌ಗೆ ಬದಲಿಸಲು ಹೋಗಬೇಡಿ. ಅದು 50 ಹರ್ಟ್ಜ್, ಈ ಆಟಗಳೆಲ್ಲ 60ರ ಆಸುಪಾಸಿನವು, ಓಟ ತಡವರಿಸುತ್ತದೆ. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲೇ ಬಿಡಿ. ಚಿತ್ರ ಕಪ್ಪುಬಿಳುಪು ಬಂದರೆ ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಅನ್ನು ಆಟೋಗೆ ಹಾಕಿ. ಬೇರೆ ಸ್ಪೀಕರ್ ಹಾಕುವುದಿದ್ದರೆ ಟ್ಯೂಬಿನಿಂದ ದೂರ ಇಡಿ, ಅಯಸ್ಕಾಂತಕ್ಕೆ ಪರದೆಯ ಮೂಲೆ ನೇರಳೆ ಆಗುತ್ತದೆ.

ಎಲ್‌ಸಿಡಿ? ಹಗುರ, ಅಪಾಯ ಕಡಿಮೆ, ಒಪ್ಪುತ್ತೇನೆ. ಆದರೆ ಮುಸ್ತಫಾದ ಚಿತ್ರ 384 ಅಡ್ಡ, 224 ಉದ್ದ ಚುಕ್ಕಿಗಳು, ಅಷ್ಟೇ. ದೊಡ್ಡ ಎಲ್‌ಸಿಡಿಗೆ ಹಿಗ್ಗಿಸಿದರೆ ಅವನ ಮುಖ ಇಟ್ಟಿಗೆ ಇಟ್ಟಿಗೆಯಾಗಿ ಕಾಣುತ್ತದೆ. ಟಿವಿಯೇ ಇಲ್ಲದವರು ಅದನ್ನು ಕೊಳ್ಳಲಿ, ನಿಮ್ಮ ಹತ್ತಿರ ಓಡುವ ಟಿವಿ ಇದೆ. ಅದರ ಬದಲು ಪೆಟ್ಟಿಗೆ ಇಡುವ ರೂಮಿನ ಬಾಗಿಲ ಅಗಲ ಅಳೆಯಿರಿ, ಲಿಫ್ಟಿನದ್ದೂ. ಆಮೇಲೆ ಪ್ಲೈವುಡ್ ತನ್ನಿ.