ಮರಿ ಬರುವ ಮೊದಲು ಊಟ ಸಾಕಿ: ಕ್ಲೌನ್ ಮೀನಿನ ಪ್ರಶ್ನೆಗಳಿಗೆ ಉತ್ತರ

ಕ್ಲೌನ್ ಮೀನಿನ (ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಯ ಪುಟ್ಟ ಸಮುದ್ರ ಮೀನು) ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಅವೇ ನಾಲ್ಕೈದು ಪ್ರಶ್ನೆಗಳು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಹಾಗಾಗಿ ಇಲ್ಲಿ ಒಟ್ಟಿಗೆ ಬರೆದುಬಿಡುತ್ತೇನೆ. ಹೊಸ ಟ್ಯಾಂಕನ್ನು ಸೈಕಲ್ ಮಾಡುವುದು (ಮೀನಿನ ಕೊಳೆಯಿಂದ ಬರುವ ವಿಷವಾದ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಸುವುದು), ಅಮೋನಿಯಾ ಟೆಸ್ಟ್ ಮಾಡುವುದು ಹೇಗೆ ಎಂದು ಹೇಳಿಕೊಡುವುದಿಲ್ಲ. ಅದು ಬಾರದವರು ಮೊದಲು ಎರಡು ಮೀನನ್ನು ಒಂದು ವರ್ಷ ನೆಟ್ಟಗೆ ಬದುಕಿಸಿ, ಮರಿಯ ಯೋಚನೆ ಆಮೇಲೆ ಮಾಡಿ.

ಪ್ರಶ್ನೆ: ನಮ್ಮ ಒಸೆಲ್ಲಾರಿಸ್ (ಕ್ಲೌನ್ ಮೀನಿನ ಒಂದು ಜಾತಿ) ಜೋಡಿ ಎರಡು ವಾರಕ್ಕೊಮ್ಮೆ ಮೊಟ್ಟೆ ಇಡುತ್ತದೆ. ಮರಿಯೂ ಆಗುತ್ತದೆ. ಆದರೆ ನಾಲ್ಕನೇ ದಿನಕ್ಕೆ ಒಂದೂ ಉಳಿಯುವುದಿಲ್ಲ. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದೇವೆ. ಅಂಗಡಿಯವರು ನೀರಿಗೆ ಅರಿಶಿನ ಹಾಕಿ ಅಂದರು. ಯಾವ ಔಷಧಿ ಕೊಡಬೇಕು? (ಬೆಂಗಳೂರು)

ಉತ್ತರ: ಯಾವ ಔಷಧಿಯೂ ಬೇಡ. ನಿಮ್ಮ ಮರಿಗಳು ಹಸಿವಿನಿಂದ ಸಾಯುತ್ತಿವೆ. ಅದರ ಮೇಲೆ ನೀವು ನೀರನ್ನೂ ಕೊಳೆಸುತ್ತಿದ್ದೀರಿ.

ಮೊಟ್ಟೆಯಿಂದ ಬಂದ ಕ್ಲೌನ್ ಮರಿ ಮೂರು-ನಾಲ್ಕು ಮಿಲಿಮೀಟರ್ ಇರುತ್ತದೆ. ಅದು ಕಣ್ಣಿನಿಂದ ನೋಡಿ, ಅಲುಗಾಡುವ ಬೇಟೆಯನ್ನು ಹಿಡಿದು ತಿನ್ನುತ್ತದೆ. ಕೋಳಿಮೊಟ್ಟೆಯ ಹಳದಿ ಅಲುಗಾಡುತ್ತದಾ? ಸುಮ್ನೆ ತಳಕ್ಕೆ ಇಳಿದು ಕೊಳೆತು ಅಮೋನಿಯಾ ಆಗುತ್ತದೆ. ಗೋಲ್ಡ್ ಫಿಶ್ ಮರಿಗೆ ನಡೆಯುವ ಉಪಾಯವನ್ನು ಸಮುದ್ರದ ಮೀನಿಗೆ ಹೇಳಿಕೊಟ್ಟವರನ್ನು ಏನೆನ್ನಬೇಕೋ ತಿಳಿಯದು. ಇನ್ನು ಅರಿಶಿನ. ಅದನ್ನು ಸಾರಿಗೆ ಹಾಕಿ.

ಬೇಕಾಗಿರುವುದು ರೊಟಿಫರ್. ಬರಿಗಣ್ಣಿಗೆ ಬಿಳಿ ಚುಕ್ಕಿಯ ಹಾಗೆ ಕಾಣುವ, ಮಿಲಿಮೀಟರಿನ ಕಾಲು ಭಾಗವೂ ಇರದ ಜೀವಿ ಅದು. "ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಕೊಟ್ಟರೆ ಆಗಲ್ವಾ?" ಎಂದು ಕೇಳುವವರಿದ್ದಾರೆ. ಆಗ ತಾನೇ ಹುಟ್ಟಿದ ಆರ್ಟೀಮಿಯಾ ಕೂಡ ಅರ್ಧ ಮಿಲಿಮೀಟರ್ ಹತ್ತಿರ ಇರುತ್ತದೆ. ಮೊದಲ ದಿನದ ಮರಿಯ ಬಾಯಿಗೆ ಅದು ದೊಡ್ಡದು.

ಈಗ ಲೆಕ್ಕ ಹಾಕಿ. ಮರಿ ಟ್ಯಾಂಕಿನ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು 10 ರೊಟಿಫರ್ ಇರಬೇಕು. 40 ಲೀಟರ್ ಟ್ಯಾಂಕ್ ಎಂದರೆ 4 ಲಕ್ಷ. ತಿಂದಷ್ಟನ್ನು ದಿನವೂ ತುಂಬಿಸುತ್ತಿರಬೇಕು. ಮರಿ ಬಂದ ಮೇಲೆ ರೊಟಿಫರ್ ಹುಡುಕಿಕೊಂಡು ಅಂಗಡಿಗೆ ಓಡಿದರೆ ಏನು ಪ್ರಯೋಜನ? ಮೀನು ಮೊದಲ ಸಲ ಮೊಟ್ಟೆ ಇಟ್ಟ ದಿನವೇ ರೊಟಿಫರ್ ಸಾಕಲು ಶುರು ಮಾಡಿ. ಮೊದಲ ಒಂದೆರಡು ಕಂತು ಮೊಟ್ಟೆಯನ್ನು ತಂದೆ-ತಾಯಿಯೇ ತಿಂದುಹಾಕುವುದು ಜಾಸ್ತಿ. ಹಾಗಾಗಿ ನಿಮಗೆ ಹೇಗೂ ಸಮಯ ಇರುತ್ತದೆ.

20 ಲೀಟರಿನ ಎರಡು ಬಕೆಟ್ ಸಾಕು. ಎರಡೇ ಯಾಕೆ ಎಂದರೆ ಒಂದು ಯಾವತ್ತಾದರೂ ರಾತ್ರೋರಾತ್ರಿ ಹಾಳಾಗಿಯೇ ಆಗುತ್ತದೆ. ಉಪ್ಪುನೀರು, ನಿಧಾನಕ್ಕೆ ಬರುವ ಗಾಳಿಗುಳ್ಳೆ, ಊಟಕ್ಕೆ ನ್ಯಾನೋಕ್ಲೋರಾಪ್ಸಿಸ್ ಪಾಚಿಯ ಪೇಸ್ಟ್. ನೀರಿನ ಹಸಿರು ಬಣ್ಣ ಹೋದರೆ ಅವಕ್ಕೆ ಹಸಿವಾಗಿದೆ ಎಂದರ್ಥ. ಹಸಿದ ರೊಟಿಫರನ್ನು ಮರಿಗೆ ಕೊಡಬೇಡಿ, ಒಳಗೆ ಏನೂ ಇರುವುದಿಲ್ಲ. ಚೆನ್ನಾಗಿ ಪಾಚಿ ತಿನ್ನಿಸಿ, 50 ಮೈಕ್ರಾನ್ ಜರಡಿಯಲ್ಲಿ ಸೋಸಿ, ತೊಳೆದು ಹಾಕಿ. ಬಕೆಟ್ಟಿನ ಕೊಳೆ ನೀರನ್ನು ಹಾಗೇ ಸುರಿಯುವವರೂ ಇದ್ದಾರೆ!

ಮೊಟ್ಟೆ ಒಡೆಯುವ ದಿನ ಯಾವುದು ಎಂದು ಮೊಟ್ಟೆಯೇ ಹೇಳುತ್ತದೆ. ಮೊದಲು ಕಿತ್ತಳೆ ಬಣ್ಣ ಇರುತ್ತದೆ, ಆಮೇಲೆ ಕಪ್ಪಾಗುತ್ತದೆ, ಕೊನೆಗೆ ಕಣ್ಣುಗಳು ಬೆಳ್ಳಿಯ ಹಾಗೆ ಹೊಳೆಯುತ್ತವೆ. ನೀರು 27-28 ಡಿಗ್ರಿ ಇದ್ದರೆ ಇದಕ್ಕೆ ಏಳೆಂಟು ದಿನ. ಬೆಂಗಳೂರಿನ ಚಳಿಗಾಲದಲ್ಲಿ ಹೀಟರ್ ಇಲ್ಲದೆ ಆಗದು. ಕಣ್ಣು ಹೊಳೆದ ದಿನ ಸಂಜೆ, ಮೊಟ್ಟೆ ಅಂಟಿರುವ ಮಣ್ಣಿನ ಕುಂಡವನ್ನು ಮರಿ ಟ್ಯಾಂಕಿಗೆ ಸಾಗಿಸಿ. ಆ ಟ್ಯಾಂಕಿನಲ್ಲಿ ತಂದೆ-ತಾಯಿ ಇದ್ದ ನೀರೇ ಇರಬೇಕು. ಗಂಡು ಮೀನು ಮೊಟ್ಟೆಗೆ ರೆಕ್ಕೆಯಿಂದ ನೀರು ಬೀಸುತ್ತಿತ್ತಲ್ಲ, ಆ ಕೆಲಸಕ್ಕೆ ಕುಂಡದ ಪಕ್ಕದಲ್ಲಿ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಇಡಿ. ಲೈಟ್ ಆರಿಸಿ ಪೂರ್ತಿ ಕತ್ತಲೆ ಮಾಡಿ. ಒಂದೆರಡು ಗಂಟೆಯಲ್ಲಿ ಮರಿ ಹೊರಬರುತ್ತದೆ. ಮಧ್ಯೆ ಮಧ್ಯೆ ಟಾರ್ಚ್ ಹಾಕಿ ಇಣುಕಬೇಡಿ. ಮರಿ ಬಂದ ಮೇಲೆ ಗಾಳಿಯನ್ನು ಕಡಿಮೆ ಮಾಡಿ, ಸೆಕೆಂಡಿಗೆ ಒಂದೆರಡು ಗುಳ್ಳೆ ಬಂದರೆ ಸಾಕು. ಮರಿಯನ್ನು ಬಲೆಯಲ್ಲಿ ಹಿಡಿಯಲೇಬಾರದು.

ಟ್ಯಾಂಕಿನ ಸುತ್ತ ಕಪ್ಪು ಕಾಗದ ಅಂಟಿಸಿ. ಗಾಜಿನ ಮೇಲಿನ ಹೊಳಪಿಗೆ ಮರಿಗಳು ಮುಖ ಹೊಡೆದುಕೊಂಡು ಸಾಯುತ್ತವೆ. ಬೆಳಕು ಮಂದವಾಗಿರಲಿ. ನೀರಿಗೆ ಸ್ವಲ್ಪ ಪಾಚಿ ಹಾಕಿ ತಿಳಿ ಹಸಿರು ಮಾಡಿ. ಮರಿಗೆ ಬೇಟೆ ಎದ್ದು ಕಾಣುತ್ತದೆ, ರೊಟಿಫರಿಗೂ ಊಟ ಸಿಗುತ್ತದೆ. ಫಿಲ್ಟರ್ ಬೇಡ, ಮರಿಯನ್ನೇ ಎಳೆದುಕೊಳ್ಳುತ್ತದೆ. ಅದರ ಬದಲು ದಿನವೂ ತಳದ ಕಸವನ್ನು ಸಣ್ಣ ಪೈಪಿನಿಂದ ತೆಗೆದು, ಅಷ್ಟೇ ಉಪ್ಪಿನಂಶದ ಹೊಸ ನೀರನ್ನು ಹನಿಹನಿಯಾಗಿ ಬಿಡಿ.

ಮರಿ ಯಾವ ದಿನ ಸತ್ತಿತು ಎನ್ನುವುದನ್ನು ಬರೆದಿಡಿ, ಕಾರಣ ಹುಡುಕಲು ಅದೇ ದಾರಿ. ಮೊದಲ ದಿನವೇ ಸತ್ತರೆ ಸಾಗಿಸುವಾಗ ಪೆಟ್ಟಾಗಿದೆ ಅಥವಾ ಗಾಳಿ ಜಾಸ್ತಿಯಾಗಿದೆ. ಮೂರರಿಂದ ಐದನೇ ದಿನ ಎಂದರೆ ಹಸಿವು ಇಲ್ಲವೇ ಅಮೋನಿಯಾ, ನಿಮ್ಮಲ್ಲಿ ಎರಡೂ. ಎಂಟರಿಂದ ಹನ್ನೆರಡನೇ ದಿನದೊಳಗೆ ಮರಿ ರೂಪ ಬದಲಿಸುತ್ತದೆ, ಬಿಳಿ ಪಟ್ಟೆ ಮೂಡುತ್ತದೆ, ತೇಲುವುದನ್ನು ಬಿಟ್ಟು ತಳಕ್ಕೆ ಇಳಿಯುತ್ತದೆ. ಆಗ ಒಂದಷ್ಟು ಸಾಯುವುದು ಇದ್ದದ್ದೇ. ಆದರೆ ರಾಶಿ ರಾಶಿ ಸತ್ತರೆ ಮೊದಲ ವಾರದ ಊಟದಲ್ಲಿ ಸತ್ವ ಇರಲಿಲ್ಲ ಎಂದು ತಿಳಿಯಿರಿ. ಆರನೇ ದಿನದ ಹೊತ್ತಿಗೆ ರೊಟಿಫರ್ ಜೊತೆ ಆರ್ಟೀಮಿಯಾ ಕೊಡಲು ಶುರು ಮಾಡಬಹುದು. ಅದೂ ಆಗ ಹುಟ್ಟಿದ್ದು ಮಾತ್ರ, ಅದರ ಮೊಟ್ಟೆಯ ಚಿಪ್ಪು ಬೇರ್ಪಡಿಸಿ. ಪಟ್ಟೆ ಮೂಡಿದ ಮೇಲೆ ಪುಡಿ ಆಹಾರ ಕಲಿಸಿ.

ಇಷ್ಟು ಮಾಡಲು ಪುರುಸೊತ್ತು ಇಲ್ಲದಿದ್ದರೆ ಮೊಟ್ಟೆಯನ್ನು ತಂದೆ-ತಾಯಿಯ ಹತ್ತಿರವೇ ಬಿಡಿ. ತಪ್ಪೇನಿಲ್ಲ.

ಪ್ರಶ್ನೆ: "ಗ್ಯಾರಂಟಿ ಜೋಡಿ" ಎಂದು ಎರಡು ದೊಡ್ಡ ಮೀನು ಕೊಟ್ಟರು. ಮೊಟ್ಟೆ ಇಡುವುದಿರಲಿ, ಕಚ್ಚಾಡುತ್ತಿವೆ. (ಮಂಗಳೂರು)

ಉತ್ತರ: ನಿಮಗೆ ಎರಡು ಹೆಣ್ಣು ಮಾರಿದ್ದಾರೆ ಅಂತ ಕಾಣುತ್ತದೆ. ಈಗಲೇ ಬೇರೆ ಮಾಡಿ, ಒಂದು ಸಾಯುತ್ತದೆ. ಕ್ಲೌನ್ ಮೀನುಗಳಲ್ಲಿ ಗುಂಪಿನ ಯಜಮಾನಿ ಹೆಣ್ಣು, ಅದರ ಕೆಳಗಿನದು ಗಂಡು. ಹೆಣ್ಣು ಸತ್ತರೆ ಗಂಡು ಹೆಣ್ಣಾಗುತ್ತದೆ. ಹೆಣ್ಣು ತಿರುಗಿ ಗಂಡಾಗುವುದಿಲ್ಲ. ಮೊಟ್ಟೆ ಇಡುವುದನ್ನು ಕಣ್ಣಾರೆ ಕಾಣದ ಜೋಡಿಗೆ ಗ್ಯಾರಂಟಿ ಎಂಬುದಿಲ್ಲ. ಒಂದು ದೊಡ್ಡ, ಒಂದು ಚಿಕ್ಕ ಎಳೆ ಮೀನು ತಂದು ಒಟ್ಟಿಗೆ ಬಿಡಿ, ಯಾವುದು ಹೆಣ್ಣು, ಯಾವುದು ಗಂಡು ಎಂದು ಅವೇ ಹಂಚಿಕೊಳ್ಳುತ್ತವೆ. ಒಂದೆರಡು ವರ್ಷ ಕಾಯಬೇಕು.

ಪ್ರಶ್ನೆ: ಅನಿಮೋನ್ (ಕ್ಲೌನ್ ಮೀನು ಮನೆ ಮಾಡಿಕೊಳ್ಳುವ, ಹೂವಿನಂತೆ ಕಾಣುವ ಸಮುದ್ರ ಜೀವಿ) ಇಲ್ಲದೆ ಮೊಟ್ಟೆ ಇಡುತ್ತವಾ? (ಶಿವಮೊಗ್ಗ)

ಉತ್ತರ: ಇಡುತ್ತವೆ. ಮೊಟ್ಟೆ ಅಂಟಿಸಲು ಹೆಂಚಿನ ಚೂರು ಸಾಕು.

ಪ್ರಶ್ನೆ: ಸಮುದ್ರದ ಉಪ್ಪೇ ತಾನೆ, ಕಲ್ಲುಪ್ಪು ಕರಗಿಸಿದರೆ ಆಗಲ್ವಾ? (ಹುಬ್ಬಳ್ಳಿ)

ಉತ್ತರ: ಇಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಉಪ್ಪಿನ ಗದ್ದೆಯಲ್ಲೇ ಉಳಿದು, ನಿಮ್ಮ ಕೈಗೆ ಬರುವುದು ಹೆಚ್ಚೂಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ.

ಪ್ರಶ್ನೆ: ಟ್ಯಾಂಕಿನ ಅಂದಕ್ಕೆ ನಿಜವಾದ ಹವಳ ತರಿಸಿಕೊಡುತ್ತೇವೆ ಅನ್ನುತ್ತಾರೆ, ತರಿಸಲಾ? (ಉಡುಪಿ)

ಉತ್ತರ: ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ನೀವೇ ಯೋಚಿಸಿ.

ಪ್ರಶ್ನೆ: ಮರಿ ಮಾರಿದರೆ ತಿಂಗಳಿಗೆ ಎಷ್ಟು ಸಿಗಬಹುದು? (ದಾವಣಗೆರೆ, ಹಾಸನ, ಮೈಸೂರು, ಇನ್ನೂ ಹಲವರು)

ಉತ್ತರ: ಮೊದಲು ಒಂದು ಕಂತಿನಲ್ಲಿ ಐವತ್ತು ಮರಿಯನ್ನು ಮೂರು ತಿಂಗಳು ಬದುಕಿಸಿ ಬರೆಯಿರಿ.